ಗಾಲಿಯ ಮೇಲಿನ ಬಚ್ಚಲು

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳು ಜಾಸ್ತಿಯಾಗುತ್ತವೆ. ಅಮೆರಿಕದ ನಮ್ಮ ಕನ್ನಡ ಬಳಗದಲ್ಲಿ ಆರ್‌ವಿ ಬಗ್ಗೆ ಒಂದಿಷ್ಟು ಗೊತ್ತಿರುವವನು ಅನ್ನೋ ಹೆಸರು ನನಗೆ ಹೇಗೋ ಅಂಟಿಕೊಂಡಿದೆ. ‘ಯೆಲ್ಲೋಸ್ಟೋನ್‌ಗೆ ಹೊರಟಿದ್ದೀವಿ, ಎಷ್ಟು ಜನ ಮಲಗಬಹುದು? ಒಲೆ ಮೇಲೆ ಕುಕ್ಕರ್ ಇಡಬಹುದಾ? ಓಡಿಸೋದು ಕಷ್ಟಾನಾ?’ ಅಂತ ಕೇಳುತ್ತಾರೆ. ನೀರಿನ ಬಗ್ಗೆ ಮಾತ್ರ ಯಾರೂ ಕೇಳಲ್ಲ. ಹೊರಟ ಮೂರನೇ ದಿನ ಅವರೇ ಮತ್ತೆ ಫೋನ್ ಮಾಡುತ್ತಾರೆ. ಆಗ ನೀರು ಬಿಟ್ಟು ಬೇರೆ ಮಾತೇ ಇರಲ್ಲ.

ಊರಲ್ಲಿರುವ ಓದುಗರಿಗೆ ಒಂದು ಮಾತು. ಆರ್‌ವಿ ಅಂದರೆ ರಿಕ್ರಿಯೇಷನಲ್ ವೆಹಿಕಲ್. ಸಿನಿಮಾ ಶೂಟಿಂಗಿನಲ್ಲಿ ಹೀರೋಗೆ ಕೊಡುವ ಕ್ಯಾರವಾನ್ ನೋಡಿದ್ದೀರಲ್ಲ, ಅದರ ಅಣ್ಣ ತಮ್ಮಂದಿರು. ಕೆಲವಕ್ಕೆ ತಮ್ಮದೇ ಎಂಜಿನ್ ಇರುತ್ತದೆ, ಕೆಲವನ್ನು ಕಾರಿನ ಹಿಂದೆ ಕಟ್ಟಿಕೊಂಡು ಎಳೆಯಬೇಕು, ಅವಕ್ಕೆ ಟ್ರೈಲರ್ ಅಂತಾರೆ. ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಸ್ನಾನದ ಜಾಗ, ಕಮೋಡು ಎಲ್ಲ ಉಂಟು. ಇಷ್ಟೂ ಒಂದು ಸಣ್ಣ ಬಸ್ಸಿನಷ್ಟು ಜಾಗದಲ್ಲಿ.

ಹೀಗಾಗಿ ಅದರ ಹೊಟ್ಟೆಯಡಿ ಸಾಮಾನ್ಯವಾಗಿ ಮೂರು ತೊಟ್ಟಿಗಳಿರುತ್ತವೆ. ಮೊದಲನೆಯದು ಒಳ್ಳೇ ನೀರಿನದು. ಎರಡನೆಯದು ಸಿಂಕು ಮತ್ತು ಸ್ನಾನದ ನೀರಿನದು, ಇಂಗ್ಲಿಷಿನವರು ಗ್ರೇ ವಾಟರ್ ಅನ್ನುವುದಕ್ಕೆ ನಮ್ಮಲ್ಲಿ ಮೊದಲಿಂದಲೂ ಒಳ್ಳೇ ಹೆಸರಿದೆ, ಬಚ್ಚಲ ನೀರು. ಮೂರನೆಯದು ಕಕ್ಕಸಿನದು, ಬ್ಲ್ಯಾಕ್ ಟ್ಯಾಂಕ್. ಹೊಸಬರು ಈ ಮೂರನ್ನೂ ಒಟ್ಟಿಗೇ ನೋಡುವುದರಿಂದ ಮೂರೂ ಒಟ್ಟಿಗೇ ಹುಟ್ಟಿದವು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಳ್ಳೇ ನೀರಿನ ತೊಟ್ಟಿ ಬಂದು ದಶಕಗಳು ಕಳೆದ ಮೇಲೆ ಕೊಳೆ ನೀರಿನ ತೊಟ್ಟಿಗಳು ಬಂದವು. ನೀರು ತರುವುದು ಹೇಗೆ ಅನ್ನುವುದನ್ನು ಮನುಷ್ಯ ಬೇಗ ಯೋಚಿಸುತ್ತಾನೆ. ಬಳಸಿದ ನೀರು ಎಲ್ಲಿಗೆ ಹೋಯಿತು ಅನ್ನುವುದನ್ನು, ಬೇರೆಯವರು ಜಗಳಕ್ಕೆ ಬಂದ ಮೇಲೆ ಯೋಚಿಸುತ್ತಾನೆ. ಆರ್‌ವಿಯ ನೀರಿನ ಇತಿಹಾಸ ಅಂದರೆ ನನ್ನ ಪ್ರಕಾರ ಈ ತಡದ ಇತಿಹಾಸ.

ನೆಲದ ಮೇಲಿನ ಹಡಗು

ಬರೀ ಖುಷಿಗಾಗಿ ಗಾಲಿಮನೆ ಕಟ್ಟಿಸಿಕೊಂಡು ದೇಶ ಸುತ್ತಿದವರಲ್ಲಿ ಮೊದಲ ಹೆಸರು ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ಡಾಕ್ಟರದ್ದು. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು ಆಮೇಲೆ ಹುಡುಗರಿಗಾಗಿ ಸಾಹಸದ ಕತೆ ಬರೆದುಕೊಂಡಿದ್ದ ಮನುಷ್ಯ. 1885ರಲ್ಲಿ ಬ್ರಿಸ್ಟಲ್ಲಿನ ಗಾಡಿ ಕಾರ್ಖಾನೆಯಿಂದ ‘ವಾಂಡರರ್’ ಎಂಬ ಗಾಡಿ ಮಾಡಿಸಿಕೊಂಡ. ಸುಮಾರು 2 ಟನ್ ತೂಕ, ಎಳೆಯಲು ಎರಡು ಕುದುರೆ, ಜೊತೆಗೆ ಒಬ್ಬ ಗಾಡಿಯವ, ಒಬ್ಬ ಸೇವಕ. ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋಗಿ ಬಂದು ಮರುವರ್ಷ ಪುಸ್ತಕವನ್ನೂ ಬರೆದ. ಅದರ ಹೆಸರಿನಲ್ಲೇ ತನ್ನ ಗಾಡಿಯನ್ನು ನೆಲದ ಮೇಲಿನ ವಿಹಾರದ ಹಡಗು ಎಂದು ಕರೆದ.

ಹಡಗಿನವನು ಹಡಗಿನ ಮಾತಾಡಿದ್ದು ಸಹಜವೇ. ಆದರೆ ಹಡಗಿಗೂ ಈ ಗಾಡಿಗೂ ಒಂದು ದೊಡ್ಡ ವ್ಯತ್ಯಾಸವಿತ್ತು. ಸಮುದ್ರದಲ್ಲಿ ಕುಡಿಯುವ ನೀರು ಸಿಗಲ್ಲ, ಕೊಳೆ ನೀರು ಚೆಲ್ಲಲು ಮಾತ್ರ ಬೇಕಾದಷ್ಟು ಜಾಗ. ರಸ್ತೆಯಲ್ಲಿ ಉಲ್ಟಾ. ಊರೂರಿಗೂ ಬಾವಿ, ಹಳ್ಳ, ಛತ್ರ ಇರುತ್ತವೆ, ನೀರಿಗೆ ಕೊರತೆಯಿಲ್ಲ. ಆದರೆ ನೀವು ಚೆಲ್ಲಿದ್ದು ಯಾರದ್ದೋ ಹೊಲದ ಮೇಲೇ ಬೀಳುತ್ತದೆ. ಒಂದೇ ಗಾಡಿ, ಅದರಲ್ಲಿ ಒಬ್ಬ ದೊಡ್ಡ ಮನುಷ್ಯ ಇದ್ದಷ್ಟು ದಿನ ಇದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಟಿನ್ ಡಬ್ಬಿಯವರ ಕಾಲ

ಅಮೆರಿಕದಲ್ಲಿ ಈ ಕತೆ ಮೋಟಾರಿನ ಜೊತೆ ಶುರುವಾಗುತ್ತದೆ. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪಿಯರ್ಸ್-ಆರೋ ಕಂಪನಿ ‘ಟೂರಿಂಗ್ ಲ್ಯಾಂಡೋ’ ಎಂಬ ಕಾರನ್ನು ಪ್ರದರ್ಶನಕ್ಕಿಟ್ಟಿತು. ಹಿಂದಿನ ಸೀಟು ಮಡಚಿದರೆ ಹಾಸಿಗೆ. ಡ್ರೈವರ್ ಸೀಟಿನ ಬೆನ್ನಿಗೆ ಮಡಚಿಡುವ ಪುಟ್ಟ ಸಿಂಕು. ಜೊತೆಗೆ ಒಂದು ಶೌಚದ ಪಾತ್ರೆ. ತೊಳೆಯುವುದಕ್ಕೂ ವಿಸರ್ಜನೆಗೂ ವ್ಯವಸ್ಥೆಯಾಯಿತು. ಆ ಪಾತ್ರೆಯನ್ನು ಎಲ್ಲಿ ಖಾಲಿ ಮಾಡುವುದು ಅನ್ನುವುದು ಮಾತ್ರ ಕಾರು ಕೊಂಡವನ ಡ್ರೈವರಿನ ತಲೆನೋವು.

ಇದು ಶ್ರೀಮಂತರ ಆಟಿಕೆ. ಜನಸಾಮಾನ್ಯರನ್ನು ರಸ್ತೆಗಿಳಿಸಿದ್ದು 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ. ಕಾರಿನ ಪಕ್ಕಕ್ಕೆ ಡೇರೆ ಕಟ್ಟಿಕೊಂಡು, ಡಬ್ಬಿಯ ಆಹಾರ ಬಿಸಿ ಮಾಡಿ ತಿನ್ನುತ್ತಾ ಸಾವಿರಾರು ಕುಟುಂಬಗಳು ಹೊರಟವು. 1919ರಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವೇ ಹುಟ್ಟಿತು. ಕಾರಿನ ರೇಡಿಯೇಟರ್ ಮುಚ್ಚಳದ ಮೇಲೆ ಬೆಸುಗೆ ಹಾಕಿದ ಟಿನ್ ಡಬ್ಬಿಯೇ ಸದಸ್ಯತ್ವದ ಗುರುತು.

ಈ ಜನ ಎಲ್ಲೆಂದರಲ್ಲಿ ನಿಲ್ಲುತ್ತಿದ್ದರು. ಶಾಲೆಯ ಅಂಗಳ, ರೈತರ ತೋಟ, ಹಳ್ಳದ ದಂಡೆ. ನೀರು ಬೇಕಾದರೆ ಬಾವಿ ಇದ್ದೇ ಇತ್ತು. ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು, ಇನ್ನೊಂದು ಕೂಡ ಅಲ್ಲೇ ಆಸುಪಾಸಿನಲ್ಲಿ. ಬಚ್ಚಲ ನೀರು ನೆಲಕ್ಕೆ ಬಿಡುವುದು ತಪ್ಪು ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ. ನಮ್ಮೂರ ಮನೆಗಳಲ್ಲೂ ಬಚ್ಚಲ ನೀರು ಹಿತ್ತಲಿನ ಬಾಳೆ ಬುಡಕ್ಕೆ, ಕೆಸುವಿನ ಗಿಡಕ್ಕೆ ತಾನೇ ಹೋಗುತ್ತಿದ್ದದ್ದು? ಆದರೆ ಅದು ನಮ್ಮ ಹಿತ್ತಲು, ನಮ್ಮ ಬಾಳೆ, ಒಂದೇ ಮನೆಯ ನೀರು. ದಿನಾ ಇಪ್ಪತ್ತು ಕುಟುಂಬ ಬಂದು ಹೋಗುವ ಹಳ್ಳದ ದಂಡೆಗೆ ಆ ಲೆಕ್ಕ ಹೊಂದಲ್ಲ. ಬಾವಿ ಕೆಡುತ್ತದೆ. ಟೈಫಾಯ್ಡ್ ಇನ್ನೂ ಮನುಷ್ಯರನ್ನು ಕೊಲ್ಲುತ್ತಿದ್ದ ಕಾಲ ಅದು.

ಹೀಗಾಗಿ ಊರುಗಳೇ ಆಟೋ ಕ್ಯಾಂಪುಗಳನ್ನು ಮಾಡಿದವು. ಇವರನ್ನು ಒಂದು ಕಡೆ ಕೂರಿಸಿದರೆ ಗಲೀಜೂ ಒಂದೇ ಕಡೆ, ವ್ಯಾಪಾರವೂ ನಮ್ಮೂರಿಗೆ ಅನ್ನೋ ಲೆಕ್ಕ. ಡೆನ್ವರ್ ನಗರದ ಓವರ್‌ಲ್ಯಾಂಡ್ ಪಾರ್ಕಿನಂಥ ದೊಡ್ಡ ಕ್ಯಾಂಪುಗಳಲ್ಲಿ ನಲ್ಲಿ, ಸ್ನಾನದ ಮನೆ, ಬಟ್ಟೆ ಒಗೆಯುವ ಕಟ್ಟೆ ಎಲ್ಲ ಇದ್ದವು. ಮೊದಮೊದಲು ಪುಕ್ಕಟೆ. ಇಪ್ಪತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಎಷ್ಟೋ ಊರುಗಳು ಶುಲ್ಕ ಹಾಕಿದವು. ಖರ್ಚು ಹೊಂದಿಸುವುದು ಒಂದು ಕಾರಣ. ಹಣವಿಲ್ಲದವರು ಬಂದು ಅಲ್ಲೇ ತಳ ಊರಬಾರದು ಅನ್ನುವುದು ಇನ್ನೊಂದು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ರಸ್ತೆ ಬದಿಯ ನಲ್ಲಿ, ಪೆಟ್ರೋಲ್ ಬಂಕಿನ ಶೌಚಾಲಯ ಎಲ್ಲರಿಗೂ ತೆರೆದಿರಲಿಲ್ಲ. ಕಪ್ಪು ಜನರನ್ನು ಎಷ್ಟೋ ಕಡೆ ಒಳಗೇ ಬಿಡುತ್ತಿರಲಿಲ್ಲ. ಅವರ ಕುಟುಂಬಗಳು ಕಾರಿನಲ್ಲಿ ಕುಡಿಯುವ ನೀರು, ಬುತ್ತಿ, ಹೆಚ್ಚುವರಿ ಪೆಟ್ರೋಲಿನ ಜೊತೆ ಶೌಚಕ್ಕೆಂದು ಒಂದು ಡಬ್ಬಿಯನ್ನೂ ಇಟ್ಟುಕೊಂಡು ಹೋಗುತ್ತಿದ್ದವು. ಎಲ್ಲಿ ಇಳಿದುಕೊಳ್ಳಬಹುದು, ಎಲ್ಲಿ ಊಟ ಸಿಗುತ್ತದೆ ಎಂದು ತಿಳಿಸಲು ನ್ಯೂಯಾರ್ಕಿನ ಹಾರ್ಲೆಮ್ಮಿನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನೇ ಹೊರತರಬೇಕಾಯಿತು. ನೀರು ನಿಶ್ಚಲ್ಲ ಅಂತ ಸ್ವಂತ ನೀರು, ಸ್ವಂತ ಶೌಚದ ವ್ಯವಸ್ಥೆ ಹೊತ್ತು ತಿರುಗಿದವರಲ್ಲಿ ಇವರು ಮೊದಲಿಗರು. ಆರ್‌ವಿ ಕಂಪನಿಗಳ ಇತಿಹಾಸದ ಪುಟಗಳಲ್ಲಿ ಇವರ ಡಬ್ಬಿಗೆ ಜಾಗವಿಲ್ಲ. ಕೆರೆ ಬಾವಿಗಳ ವಿಷಯದಲ್ಲಿ ನಮ್ಮ ನಾಡು ಮಾಡಿದ್ದನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೊಟ್ಟಿ ಬಂತು, ಮೋರಿ ಬರಲಿಲ್ಲ

ಅದೇ 1936ರಲ್ಲಿ ಕ್ಯಾಲಿಫೋರ್ನಿಯಾದಿಂದ ಒಂದು ಅಲ್ಯೂಮಿನಿಯಂ ಟ್ರೈಲರ್ ಹೊರಬಂತು. ಹೆಸರು ‘ಏರ್‌ಸ್ಟ್ರೀಮ್ ಕ್ಲಿಪ್ಪರ್’, ಬೆಲೆ 1,200 ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. ನಾಲ್ಕು ಜನ ಮಲಗಬಹುದಿತ್ತು, ವಿದ್ಯುತ್ ದೀಪ ಇತ್ತು, ಮುಖ್ಯವಾಗಿ ತನ್ನದೇ ನೀರನ್ನು ಹೊತ್ತುಕೊಂಡು ಹೋಗುತ್ತಿತ್ತು. ಇದನ್ನು ಮಾಡಿದ ವಾಲಿ ಬೈಯಮ್ ಹುಡುಗನಾಗಿದ್ದಾಗ ಆರೆಗಾನ್ ರಾಜ್ಯದಲ್ಲಿ ಕುರಿ ಕಾಯುತ್ತಿದ್ದ. ಆಗ ಅವನ ಮನೆ ಅಂದರೆ ಒಂದು ಎರಡು ಗಾಲಿಯ ಗಾಡಿ, ಒಳಗೆ ಸೀಮೆಎಣ್ಣೆ ಸ್ಟವ್ವು, ಹಾಸಿಗೆ, ತೊಳೆಯಲು ಒಂದು ಬಕೆಟ್.

ಆ ಕಾಲದ ಹೆಚ್ಚಿನ ಟ್ರೈಲರುಗಳಲ್ಲಿ ಆ ಬಕೆಟ್ ಹಾಗೇ ಉಳಿಯಿತು, ಜಾಗ ಬದಲಾಯಿತು ಅಷ್ಟೇ. ಸಿಂಕಿನ ಕೊಳವೆ ನೆಲದ ತೂತಿನಿಂದ ಕೆಳಗಿಳಿಯುತ್ತಿತ್ತು, ಅದರ ಅಡಿಗೆ ಬಕೆಟ್. ಕಮೋಡು ಇರುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದರ ಪರಿಣಾಮ ಕಣ್ಣಿಗೆ ರಾಚುವ ಹಾಗೆ ಕಂಡಿತು. ಮಿಷಿಗನ್ನಿನ ವಿಲ್ಲೋ ರನ್‌ನಲ್ಲಿ ಫೋರ್ಡ್ ಕಂಪನಿ ಬಾಂಬರ್ ವಿಮಾನದ ದೊಡ್ಡ ಕಾರ್ಖಾನೆ ತೆರೆದಾಗ ದೇಶದ ಮೂಲೆ ಮೂಲೆಯಿಂದ ಬಂದ ಕೆಲಸಗಾರರಿಗೆ ಇರಲು ಮನೆಯಿರಲಿಲ್ಲ. ಎಷ್ಟೋ ಜನ ಟ್ರೈಲರಿನಲ್ಲೇ ಸಂಸಾರ ಹೂಡಿದರು. ಸರ್ಕಾರವೂ ಟ್ರೈಲರ್ ಕೊಂಡು ಸಾಲಾಗಿ ನಿಲ್ಲಿಸಿತು. ನಡುವೆ ಎಲ್ಲರಿಗೂ ಸೇರಿ ಸ್ನಾನದ ಮನೆ, ಪಾಯಿಖಾನೆ. ಮಿಷಿಗನ್ನಿನ ಜನವರಿಯ ರಾತ್ರಿ ಮಗುವನ್ನು ಎತ್ತಿಕೊಂಡು ಹಿಮ ತುಳಿದುಕೊಂಡು ಅಲ್ಲಿಗೆ ಹೋಗಬೇಕು. ವಠಾರದಲ್ಲಿ ಬೆಳೆದವರಿಗೆ ಆ ಸಾಲು, ಆ ಕಾಯುವಿಕೆ ಗೊತ್ತು. ಹಿಮ ಮಾತ್ರ ಹೊಸದು.

ಯುದ್ಧ ಮುಗಿದ ಮೇಲೆ ಟ್ರೈಲರಿನ ವಂಶ ಎರಡಾಗಿ ಒಡೆಯಿತು. ಒಂದು ಕವಲು ಅಗಲವಾಗುತ್ತಾ ಹೋಯಿತು. ಐವತ್ತರ ದಶಕದ ನಡುವೆ ಹತ್ತು ಅಡಿ ಅಗಲದ ಟ್ರೈಲರುಗಳು ಬಂದವು. ಅವನ್ನು ಒಂದು ಸಲ ಎಳೆದು ತಂದು ನಿಲ್ಲಿಸಿ, ಊರಿನ ನೀರಿಗೂ ಚರಂಡಿಗೂ ಜೋಡಿಸಿದರೆ ಮುಗಿಯಿತು, ಅದು ಮನೆಯೇ. ಅವಕ್ಕೆ ಮೊಬೈಲ್ ಹೋಮ್ ಅನ್ನೋ ಹೆಸರು ಬಂತು, ಮೊಬೈಲ್ ಆಗುವುದು ಮಾತ್ರ ನಿಂತುಹೋಯಿತು. ಇನ್ನೊಂದು ಕವಲು ಸಣ್ಣದಾಗಿಯೇ ಉಳಿದು ತಿರುಗಾಟ ಮುಂದುವರಿಸಿತು. ಚರಂಡಿಗೆ ಅಂಟಿಕೊಳ್ಳಲಾಗದ ಈ ಕವಲಿಗೆ ಇದ್ದದ್ದು ಒಂದೇ ದಾರಿ, ಚರಂಡಿಯನ್ನೂ ಜೊತೆಗೇ ಹೊರುವುದು.

1957ರಲ್ಲಿ ಏರ್‌ಸ್ಟ್ರೀಮ್‌ನ ‘ಇಂಟರ್‌ನ್ಯಾಷನಲ್’ ಮಾಡೆಲ್ ಈ ದಾರಿ ಹಿಡಿಯಿತು. ಹೊರಗಿನ ನೀರು, ಕರೆಂಟು, ಚರಂಡಿ ಯಾವುದರ ಸಂಪರ್ಕವೂ ಇಲ್ಲದೆ ನಡೆಯುವ ಟ್ರೈಲರ್ ಎಂದು ಕಂಪನಿ ಅದನ್ನು ಪ್ರಚಾರ ಮಾಡಿತು. ಎರಡು ವರ್ಷದ ನಂತರ ಬೈಯಮ್ 41 ಟ್ರೈಲರುಗಳ ಸಾಲನ್ನು ಕಟ್ಟಿಕೊಂಡು ಆಫ್ರಿಕಾದ ತುದಿಯ ಕೇಪ್‌ಟೌನಿನಿಂದ ಕೈರೋ ತನಕ ಹೋದ. 1960ರಲ್ಲಿ ಮುಗಿದ ಆ ಯಾತ್ರೆ ಒಳ್ಳೆಯ ಜಾಹೀರಾತೂ ಆಯಿತು, ಕಠಿಣ ಪರೀಕ್ಷೆಯೂ ಆಯಿತು.

ನಲ್ಲಿಯಲ್ಲಿ ನೀರು ಬರುವುದು ಹೇಗೆ?

ನಮ್ಮೂರಿನ ಮನೆಗಳಲ್ಲಿ ತಾರಸಿ ಮೇಲೆ ಸಿಂಟೆಕ್ಸ್ ಇಟ್ಟರೆ ನೀರು ತಾನಾಗಿ ಇಳಿಯುತ್ತದೆ. ಗಾಡಿಯ ನೆತ್ತಿಯ ಮೇಲೆ ನೂರು ಕೇಜಿ ನೀರಿಟ್ಟರೆ ತಿರುವಿನಲ್ಲಿ ಗಾಡಿಯೇ ಉರುಳುತ್ತದೆ. ಹಾಗಾಗಿ ತೊಟ್ಟಿ ಕೆಳಗೆ, ನಲ್ಲಿ ಮೇಲೆ. ಮೊದಲು ಬಂದದ್ದು ಕೈಪಂಪು, ಸಿಂಕಿನ ಪಕ್ಕದಲ್ಲಿ ಒಂದು ಪುಟ್ಟ ಬೋರ್‌ವೆಲ್ ಇದ್ದ ಹಾಗೆ. ಆಮೇಲೆ ಒಂದು ಜಾಣತನದ ಉಪಾಯ ಬಂತು. ಗಟ್ಟಿಯಾದ ಲೋಹದ ತೊಟ್ಟಿಗೆ ನೀರು ತುಂಬಿಸಿ, ಟೈರಿಗೆ ಹೊಡೆಯುವ ಹಾಗೆ ಗಾಳಿ ಹೊಡೆಯುವುದು. ಒಳಗಿನ ಗಾಳಿಯ ಒತ್ತಡಕ್ಕೆ ನೀರು ನಲ್ಲಿಗೆ ಏರುತ್ತದೆ. ಹಳೇ ಟ್ರೈಲರುಗಳ ಮೇಳವೊಂದರಲ್ಲಿ ಇಂಥದ್ದನ್ನು ಹತ್ತಿರದಿಂದ ನೋಡಿದೆ. ಟ್ರೈಲರಿನ ಪಕ್ಕೆಯಲ್ಲಿ ಥೇಟು ಸೈಕಲ್ ಟ್ಯೂಬಿನ ವಾಲ್ವು. ಪೆಟ್ರೋಲ್ ಬಂಕಿನಲ್ಲಿ ಟೈರಿಗೂ ಬಚ್ಚಲಿಗೂ ಒಟ್ಟಿಗೇ ಗಾಳಿ ಹಾಕಿಸಿಕೊಳ್ಳುತ್ತಿದ್ದರಂತೆ.

ಐವತ್ತರ ದಶಕದಲ್ಲಿ ಕಾರುಗಳು 6 ವೋಲ್ಟಿನಿಂದ 12 ವೋಲ್ಟಿಗೆ ಬದಲಾದವು. ಬ್ಯಾಟರಿಯಲ್ಲಿ ಓಡುವ ಸಣ್ಣ ಪಂಪುಗಳಿಗೆ ಇದರಿಂದ ಅನುಕೂಲವಾಯಿತು. ಇವತ್ತಿನ ಪಂಪುಗಳೂ 12 ವೋಲ್ಟಿನವೇ. ನಲ್ಲಿ ತಿರುಗಿಸಿದರೆ ಒತ್ತಡ ಇಳಿದು ಪಂಪು ಗುರ್ ಅನ್ನುತ್ತದೆ, ನಲ್ಲಿ ನಿಲ್ಲಿಸಿದರೆ ಒತ್ತಡ ಏರಿ ಸುಮ್ಮನಾಗುತ್ತದೆ. ಎಲ್ಲ ನಲ್ಲಿಯೂ ನಿಂತಿದೆ, ಆದರೂ ನಡುರಾತ್ರಿ ಪಂಪು ಆಗಾಗ ಗುರ್ ಅಂತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮಲಗುವ ಮುಂಚೆ ಪಂಪಿನ ಸ್ವಿಚ್ಚು ಆರಿಸುವುದು ಒಳ್ಳೇದು.

ಕೊಳವೆಗಳದ್ದೂ ಒಂದು ಕತೆಯಿದೆ. ಎಪ್ಪತ್ತರ ದಶಕದ ಕೊನೆಯಿಂದ ಪಾಲಿಬ್ಯೂಟಿಲೀನ್ ಎಂಬ ಬೂದು ಬಣ್ಣದ ಅಗ್ಗದ ಪ್ಲಾಸ್ಟಿಕ್ ಕೊಳವೆ ಅಮೆರಿಕದ ಮನೆಗಳಿಗೂ ಆರ್‌ವಿಗಳಿಗೂ ಬಂತು. ನಲ್ಲಿ ನೀರಿನ ಕ್ಲೋರಿನ್ ತಾಗಿ ತಾಗಿ ಅದು ಒಳಗಿನಿಂದ ಬಿರುಕು ಬಿಡುತ್ತಿತ್ತು. ಮನೆಗಳ ಸೋರಿಕೆಯ ಮೊಕದ್ದಮೆ 1995ರಲ್ಲಿ ಸುಮಾರು 95 ಕೋಟಿ ಡಾಲರಿನ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು, ಆ ಕೊಳವೆಯ ಕಾಲವೂ ಮುಗಿಯಿತು. ಈಗಿನದು ಪೆಕ್ಸ್ ಎಂಬ ಬೇರೆ ಜಾತಿಯದು. ಯಾರಾದರೂ ಎಂಬತ್ತರ ದಶಕದ ಆರ್‌ವಿಯನ್ನು ಅಗ್ಗಕ್ಕೆ ಕೊಡುತ್ತೀನಿ ಅಂದರೆ ಮೊದಲು ಸಿಂಕಿನ ಕೆಳಗೆ ಟಾರ್ಚು ಹಿಡಿದು ಕೊಳವೆಯ ಬಣ್ಣ ನೋಡಿ.

ಎರಡನೇ ತೊಟ್ಟಿ, ಮೂರನೇ ತೊಟ್ಟಿ

ಅರವತ್ತರ ದಶಕದಲ್ಲಿ ಆರ್‌ವಿ ಜನಸಾಮಾನ್ಯರ ಕೈಗೆ ಬಂತು. 1966ರಲ್ಲಿ ಅಯೋವಾದ ವಿನ್ನೆಬಾಗೋ ಕಂಪನಿ ಕಡಿಮೆ ಬೆಲೆಯ ಮೋಟಾರ್ ಹೋಮುಗಳನ್ನು ಕಾರ್ಖಾನೆಯಲ್ಲಿ ಸಾಲು ಸಾಲಾಗಿ ಜೋಡಿಸಲು ಶುರು ಮಾಡಿತು. 1968ರಲ್ಲಿ ಥೆಟ್‌ಫರ್ಡ್ ಕಂಪನಿಯ ‘ಪೋರ್ಟಾ ಪಾಟಿ’ ಎಂಬ ಕೈಯಲ್ಲಿ ಎತ್ತಿಕೊಂಡು ಹೋಗುವ ಕಮೋಡು ಬಂತು. ಕಕ್ಕಸಿನ ತೊಟ್ಟಿ ಗಾಡಿಯ ಸಾಮಾನ್ಯ ಅಂಗವಾಯಿತು. ಅದನ್ನು ಖಾಲಿ ಮಾಡಲು ಕ್ಯಾಂಪುಗಳಲ್ಲಿ, ಹೆದ್ದಾರಿಯ ಪಕ್ಕದಲ್ಲಿ ಡಂಪ್ ಸ್ಟೇಷನ್ನುಗಳು ಹುಟ್ಟಿಕೊಂಡವು.

ಬಚ್ಚಲ ನೀರಿನ ತೊಟ್ಟಿ ಮಾತ್ರ ಇನ್ನೂ ತಡ. ಎಪ್ಪತ್ತರ ದಶಕದ ತನಕವೂ ಎಷ್ಟೋ ಟ್ರೈಲರುಗಳಲ್ಲಿ ಅದು ಇರಲೇ ಇಲ್ಲ. ಕಕ್ಕಸು ಕೊಳೆ ಅಂತ ಎಲ್ಲರೂ ಒಪ್ಪುತ್ತಾರೆ, ಸೋಪಿನ ನೀರು ಏನು ಮಹಾ ಅನ್ನೋ ಭಾವನೆ. ಆದರೆ ಅದರಲ್ಲಿ ಎಣ್ಣೆ ಜಿಡ್ಡು, ಅನ್ನದ ಅಗುಳು, ಮೈ ತೊಳೆದ ಕೊಳೆ ಎಲ್ಲ ಇರುತ್ತದೆ. ಎರಡು ದಿನ ನಿಂತರೆ ಗಬ್ಬು ವಾಸನೆ, ನೊಣ, ಇಲಿ. ಕ್ಯಾಂಪುಗಳಲ್ಲಿ ಜನ ತುಂಬಿದಂತೆ, ನೀರಿನ ಮಾಲಿನ್ಯದ ಬಗ್ಗೆ ಕಾನೂನುಗಳು ಬಿಗಿಯಾದಂತೆ, ಬಕೆಟ್ಟಿನ ಕಾಲ ಮುಗಿಯಿತು.

ಅಲ್ಲಿಗೂ ಪಾಠ ಪೂರ್ತಿಯಾಗಲಿಲ್ಲ. ಕಕ್ಕಸಿನ ತೊಟ್ಟಿಯ ವಾಸನೆ ತಡೆಯಲು ಫಾರ್ಮಾಲ್ಡಿಹೈಡ್ ಇರುವ ನೀಲಿ ದ್ರಾವಣ ಸುರಿಯುವ ಅಭ್ಯಾಸ ಬಂತು. ಅದು ವಾಸನೆಯ ಜೊತೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಕ್ಯಾಂಪಿನ ಸೆಪ್ಟಿಕ್ ಟ್ಯಾಂಕಿಗೆ ಅದನ್ನು ಸುರಿದರೆ ಅಲ್ಲಿ ಕೊಳೆ ಕರಗಿಸಬೇಕಾದ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ನಮ್ಮ ವಾಸನೆ ನೀಗಿಸಿಕೊಂಡು ಅವರ ತೊಟ್ಟಿ ಕೆಡಿಸಿದ ಹಾಗಾಯಿತು. ಈಗ ಕಿಣ್ವ, ಬ್ಯಾಕ್ಟೀರಿಯಾ ಇರುವ ದ್ರಾವಣಗಳು ಸಿಗುತ್ತವೆ, ಅವನ್ನೇ ತಗೊಳ್ಳಿ.

ಅಮೆರಿಕನ್ನರ ಬಗ್ಗೆ ನಗುವ ಮುಂಚೆ ನಮ್ಮ ರೈಲನ್ನೂ ನೆನೆಯಬೇಕು. ‘ರೈಲು ನಿಲ್ದಾಣದಲ್ಲಿ ನಿಂತಿರುವಾಗ ಬಳಸಬೇಡಿ’ ಎಂಬ ಫಲಕವನ್ನು ಓದಿಯೇ ನಾವೆಲ್ಲ ಬೆಳೆದದ್ದು. ಬಳಸಬೇಡಿ ಅಂದರೆ ನಿಲ್ದಾಣದಲ್ಲಿ ಬೇಡ, ಊರಾಚೆ ಹಳಿಯ ಮೇಲೆ ಆಗಬಹುದು ಅಂತ. ಆ ಹಳಿಯನ್ನು ಯಾರು ಶುಚಿ ಮಾಡುತ್ತಿದ್ದರು ಅನ್ನುವುದೂ ಗೊತ್ತಿರುವುದೇ. ಡಿಆರ್‌ಡಿಒ ಜೊತೆ ಸೇರಿ ರೂಪಿಸಿದ ಜೈವಿಕ ಶೌಚಾಲಯಗಳು ರೈಲಿನ ಬೋಗಿಗಳ ಅಡಿಗೆ ವ್ಯಾಪಕವಾಗಿ ಬಂದದ್ದು 2010ರ ದಶಕದಲ್ಲಿ. ಗಾಲಿಯ ಮೇಲಿನ ಬಚ್ಚಲಿಗೆ ಎಲ್ಲ ದೇಶದಲ್ಲೂ ಬುದ್ಧಿ ತಡವಾಗಿಯೇ ಬಂದಿದೆ.

ಈಗ ನಿಮ್ಮ ಸರದಿ

ಇಷ್ಟು ಓದಿದ ಮೇಲೆ, ಆರ್‌ವಿ ಬಾಡಿಗೆ ಕೊಡುವವರು ಗಡಿಬಿಡಿಯಲ್ಲಿ ಹದಿನೈದು ನಿಮಿಷ ಒಪ್ಪಿಸುವ ಸೂಚನೆಗಳು ನಿಮಗೆ ಬೇರೆ ಥರ ಕೇಳಿಸಬೇಕು. ಒಂದೊಂದರ ಹಿಂದೆಯೂ ಹಿಂದೆ ಯಾರೋ ಪಟ್ಟ ಪಾಡಿದೆ.

ನೀರು ತುಂಬುವ ಪೈಪು ಬೇರೆ, ಕೊಳೆ ತೊಳೆಯುವ ಪೈಪು ಬೇರೆ. ಕುಡಿಯುವ ನೀರಿನ ಪೈಪು ಸಾಮಾನ್ಯವಾಗಿ ಬಿಳಿ ಅಥವಾ ನೀಲಿ ಬಣ್ಣದ್ದು. ಎರಡನ್ನೂ ಒಂದೇ ಡಬ್ಬದಲ್ಲಿ ಸುತ್ತಿಡಬೇಡಿ. ಡಂಪ್ ಸ್ಟೇಷನ್ನಿನಲ್ಲಿ ತೊಳೆಯಲು ಇಟ್ಟಿರುವ ನಲ್ಲಿಯಿಂದ ಯಾವತ್ತೂ ಕುಡಿಯುವ ತೊಟ್ಟಿ ತುಂಬಬೇಡಿ.

ಕ್ಯಾಂಪಿನ ನಲ್ಲಿಗೆ ನೇರವಾಗಿ ಜೋಡಿಸುವುದಾದರೆ ನಡುವೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಿ. ಕೆಲವು ಕ್ಯಾಂಪುಗಳಲ್ಲಿ ಒತ್ತಡ ವಿಪರೀತ ಇರುತ್ತದೆ, ಆರ್‌ವಿಯ ಕೊಳವೆಗಳಿಗೆ 40ರಿಂದ 50 ಪಿಎಸ್‌ಐ ಸಾಕು.

ಸೀಸನ್ನಿನ ಮೊದಲ ಸಲ, ಅಥವಾ ಬಹಳ ದಿನ ನಿಂತಿದ್ದ ಗಾಡಿಯಾದರೆ, ತೊಟ್ಟಿಯನ್ನು ಬ್ಲೀಚಿನಿಂದ ಶುದ್ಧ ಮಾಡಬೇಕು. ಸುಮಾರು 55 ಲೀಟರ್ ತೊಟ್ಟಿಗೆ 60 ಮಿಲಿಲೀಟರ್, ಅಂದರೆ ಕಾಲು ಕಪ್ಪು, ಸುಗಂಧ ಇಲ್ಲದ ಮಾಮೂಲಿ ಬ್ಲೀಚು ಸಾಕು. ಮೊದಲು ಒಂದು ಬಕೆಟ್ ನೀರಿನಲ್ಲಿ ಕಲಸಿ ಹಾಕಿ, ತೊಟ್ಟಿ ತುಂಬಿಸಿ. ಪ್ರತಿ ನಲ್ಲಿಯನ್ನೂ ಬ್ಲೀಚಿನ ವಾಸನೆ ಬರುವ ತನಕ ಬಿಡಿ. ನಾಲ್ಕು ಗಂಟೆ ಕಾದು ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವ ತನಕ ಒಳ್ಳೇ ನೀರಿನಲ್ಲಿ ತೊಳೆಯಿರಿ.

ಬಿಸಿನೀರಿನ ಹಂಡೆಗೂ ಒಂದು ನಿಯಮವಿದೆ. ನಮ್ಮ ಅಜ್ಜಿಯರು ಖಾಲಿ ಹಂಡೆಗೆ ಉರಿ ಹಾಕಬೇಡಿ ಅನ್ನುತ್ತಿದ್ದರಲ್ಲ, ಅದೇ. ಬಿಸಿನೀರಿನ ನಲ್ಲಿಯಲ್ಲಿ ನೀರು ಸರಾಗವಾಗಿ ಬಂದ ಮೇಲೆಯೇ ಹೀಟರ್ ಹಾಕಿ. ಖಾಲಿ ಇರುವಾಗ ಕರೆಂಟು ಕೊಟ್ಟರೆ ಒಳಗಿನ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ನೀರಿನ ತೂಕ ಮರೆಯಬೇಡಿ, ಲೀಟರಿಗೆ ಒಂದು ಕೇಜಿ. 150 ಲೀಟರ್ ತೊಟ್ಟಿ ತುಂಬಿದರೆ ಇಬ್ಬರು ದೊಡ್ಡವರನ್ನು ಹೆಚ್ಚಿಗೆ ಕೂರಿಸಿಕೊಂಡ ಹಾಗೆ. ಹೋಗುವ ಕಡೆ ನೀರು ಸಿಗುತ್ತದೆ ಅಂತಾದರೆ ದಾರಿಗೆ ಬೇಕಾದಷ್ಟು ಮಾತ್ರ ತುಂಬಿ.

ಸ್ನಾನದ ಲೆಕ್ಕ. ಅಮೆರಿಕದ ಮಾಮೂಲಿ ಶವರ್ ನಿಮಿಷಕ್ಕೆ ಒಂಬತ್ತು ಲೀಟರಿಗೂ ಹೆಚ್ಚು ಸುರಿಸಬಹುದು. ಹತ್ತು ನಿಮಿಷ ನಿಂತರೆ ಬಚ್ಚಲ ನೀರಿನ ತೊಟ್ಟಿ ತುಂಬಿತು ಅಂತಲೇ ತಿಳಿಯಿರಿ. ಮೈ ಒದ್ದೆ ಮಾಡಿ, ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನೀರು ಬಿಡುವುದನ್ನು ಇಲ್ಲಿನವರು ನೇವಿ ಶವರ್ ಅಂತ ಕರೆದು ಕಲಿಸುತ್ತಾರೆ. ಒಂದು ಬಕೆಟ್, ಒಂದು ಚೊಂಬಿನಲ್ಲಿ ಸ್ನಾನ ಮುಗಿಸುವ ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮಂದಿರು ಜೊತೆಗಿದ್ದ ಪ್ರವಾಸಗಳಲ್ಲೇ ನೀರು ಹೆಚ್ಚು ದಿನ ಬಂದದ್ದನ್ನು ನಾನು ಗಮನಿಸಿದ್ದೇನೆ.

ಖಾಲಿ ಮಾಡುವ ಕ್ರಮ. ಕಕ್ಕಸಿನ ತೊಟ್ಟಿಯ ವಾಲ್ವನ್ನು ಸದಾ ಮುಚ್ಚಿಡಿ, ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆಯೇ ತೆಗೆಯಿರಿ. ತೆರೆದೇ ಬಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಒಳಗೇ ಗುಡ್ಡೆಯಾಗಿ ಒಣಗುತ್ತದೆ. ಆಮೇಲೆ ಅದನ್ನು ಕರಗಿಸುವ ಕಷ್ಟ ಶತ್ರುವಿಗೂ ಬೇಡ. ಫ್ಲಶ್ ಮಾಡುವಾಗ ನೀರಿಗೆ ಜಿಪುಣತನ ಬೇಡ. ಕೈಗವಸು ಹಾಕಿಕೊಂಡು, ಪೈಪು ಸರಿಯಾಗಿ ಜೋಡಿಸಿ, ಮೊದಲು ಕಕ್ಕಸಿನ ತೊಟ್ಟಿ, ಆಮೇಲೆ ಬಚ್ಚಲಿನದು. ಹಿಂದೆ ಬರುವ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಸಿಂಕಿನಿಂದ ಇದ್ದಕ್ಕಿದ್ದಂತೆ ನಾತ ಬಂದರೆ ಗಾಬರಿಯಾಗಬೇಡಿ. ಅದರಡಿ ಬಾಗಿದ ಕೊಳವೆಯಿದೆ, ಆ ಬಾಗಿನಲ್ಲಿ ಸದಾ ನಿಂತಿರುವ ನೀರೇ ವಾಸನೆಗೆ ಬಾಗಿಲು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ ಕಮೋಡಿಗೆ ಇಂಥ ಬಾಗು ಜೋಡಿಸಿ ಪೇಟೆಂಟ್ ಪಡೆದಿದ್ದ. ಗಾಡಿಯ ಕುಲುಕಾಟಕ್ಕೆ ಆ ನೀರು ಚೆಲ್ಲಿರುತ್ತದೆ ಅಥವಾ ಒಣಗಿರುತ್ತದೆ. ಒಂದು ಲೋಟ ನೀರು ಸುರಿಯಿರಿ, ಸಾಕು.

ಚಳಿಗಾಲದಲ್ಲಿ ನೀರು ಗಡ್ಡೆ ಕಟ್ಟಿದರೆ ಹಿಗ್ಗಿ ಕೊಳವೆ ಸೀಳುತ್ತದೆ. ಸ್ವಂತ ಗಾಡಿಯಿದ್ದರೆ ಎಲ್ಲ ನೀರನ್ನೂ ತೆಗೆದು, ಆರ್‌ವಿಗೆಂದೇ ಸಿಗುವ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಿ. ಕಾರಿನ ರೇಡಿಯೇಟರಿಗೆ ಹಾಕುವುದು ಸಾಮಾನ್ಯವಾಗಿ ವಿಷ, ಕುಡಿಯುವ ನೀರಿನ ಕೊಳವೆಗೆ ಅದು ಸೋಕಲೂ ಕೂಡದು.

ಸ್ವಾವಲಂಬಿ ಅಂದರೆ ಯಾರು?

ಅರಿಜೋನಾದ ಮರುಭೂಮಿಯಲ್ಲಿ ಕ್ವಾರ್ಟ್ಸ್‌ಸೈಟ್ ಅನ್ನೋ ಊರಿದೆ. ಚಳಿಗಾಲದಲ್ಲಿ ಅದರ ಸುತ್ತಲಿನ ಸರ್ಕಾರಿ ಜಾಗದಲ್ಲಿ ಸಾವಿರಾರು ಆರ್‌ವಿಗಳು ಬೀಡುಬಿಡುತ್ತವೆ. ಅದರಲ್ಲಿ ರಜೆಗೆ ಬಂದವರೂ ಇದ್ದಾರೆ, ಮನೆ ಬಾಡಿಗೆ ಕಟ್ಟಲಾಗದೆ ಗಾಡಿಯನ್ನೇ ಮನೆ ಮಾಡಿಕೊಂಡವರೂ ಇದ್ದಾರೆ. ‘ನೋಮ್ಯಾಡ್‌ಲ್ಯಾಂಡ್’ ಸಿನಿಮಾ ನೋಡಿದವರಿಗೆ ಈ ಎರಡನೆಯವರ ಮುಖಗಳು ನೆನಪಿರುತ್ತವೆ. ಅಂಥ ಜಾಗಗಳಲ್ಲಿ, ಹತ್ತಿರದಲ್ಲಿ ಶೌಚಾಲಯವಿಲ್ಲದ ಕಡೆ ನಿಲ್ಲಬೇಕಾದರೆ ಗಾಡಿ ಸ್ವಾವಲಂಬಿಯಾಗಿರಬೇಕು ಅನ್ನುವುದು ನಿಯಮ. ಸ್ವಾವಲಂಬಿ ಅಂದರೇನು ಅಂತ ಆ ನಿಯಮವೇ ಹೇಳುತ್ತದೆ. ಗಾಡಿಗೆ ಶಾಶ್ವತವಾಗಿ ಜೋಡಿಸಿದ, ಕನಿಷ್ಠ 10 ಗ್ಯಾಲನ್, ಅಂದರೆ ಸುಮಾರು 38 ಲೀಟರಿನ ಕೊಳೆ ನೀರಿನ ತೊಟ್ಟಿ ಇರಬೇಕು.

ಗಮನಿಸಿ, ಅಳತೆ ಹಾಕುವುದು ನೀವು ಎಷ್ಟು ಒಳ್ಳೇ ನೀರು ತಂದಿದ್ದೀರಿ ಅಂತಲ್ಲ, ಎಷ್ಟು ಕೊಳೆ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲಿರಿ ಅಂತ. 1936ರಲ್ಲಿ ಸ್ವಂತ ನೀರು ಹೊತ್ತದ್ದೇ ದೊಡ್ಡ ಸುದ್ದಿ. ಈಗ ಅದನ್ನು ಯಾರೂ ಕೇಳುವುದೂ ಇಲ್ಲ. ಟ್ಯಾಂಪಾದ ಟಿನ್ ಡಬ್ಬಿಯವರಿಂದ ಇಲ್ಲಿಗೆ ಬರುವಷ್ಟರಲ್ಲಿ ಆ ಮಾತಿನ ಅರ್ಥವೇ ಬದಲಾಗಿದೆ.

ಈ ಅರ್ಥ ಬಡವರಿಗೆ ದುಬಾರಿ ಅನ್ನುವುದೂ ನಿಜ. ಹಳೇ ವ್ಯಾನಿನಲ್ಲಿ ಬದುಕುವವರಿಗೆ ತೊಟ್ಟಿ ಕೂರಿಸುವುದಿರಲಿ, ಡಂಪ್ ಸ್ಟೇಷನ್ನಿನ ಶುಲ್ಕವೂ ಭಾರ. ನೂರು ವರ್ಷದ ಹಿಂದೆ ಆಟೋ ಕ್ಯಾಂಪುಗಳು ಶುಲ್ಕ ಹಾಕಿ ಯಾರನ್ನು ಆಚೆಗಿಟ್ಟವೋ, ಇವತ್ತೂ ಹೊರಗುಳಿಯುವವರು ಬಹುತೇಕ ಅವರೇ. ನಿಯಮ ಮಾಡುವ ಊರು ಉಚಿತವಾಗಿ ಖಾಲಿ ಮಾಡುವ ಒಂದು ಜಾಗವನ್ನೂ ಮಾಡಿಕೊಟ್ಟರೆ ಆ ನಿಯಮಕ್ಕೆ ಬೆಲೆ ಬರುತ್ತದೆ, ಹಳ್ಳಕ್ಕೂ ನೆಮ್ಮದಿ.

ರಜೆಗೆ ಹೋಗುವ ನಮ್ಮಂಥವರಿಗೆ ಆ ನೆಪವಿಲ್ಲ. ಆರ್‌ವಿ ಹತ್ತುವ ದಿನ ಹಾಸಿಗೆ, ಒಲೆ, ಟಿವಿ ಎಲ್ಲ ನೋಡಿ ಆದ ಮೇಲೆ ಹೊರಗೆ ಬನ್ನಿ. ಗಾಡಿಯ ಪಕ್ಕೆಯ ಕೆಳಗೆ ಬಗ್ಗಿ, ಎರಡು ವಾಲ್ವುಗಳು ಎಲ್ಲಿವೆ, ಯಾವುದು ಯಾವುದರದ್ದು, ಮುಚ್ಚಿದೆಯೋ ಇಲ್ಲವೋ ನೋಡಿಕೊಳ್ಳಿ. ದಾರಿಯಲ್ಲಿ ಡಂಪ್ ಸ್ಟೇಷನ್ ಎಲ್ಲಿದೆ ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಆಮೇಲೆ ಹೊರಡಿ, ಪ್ರಯಾಣ ಸುಖವಾಗಿರಲಿ.